480 ಇದ್ದ ಸಿಟಿಎಕ್ಸ್ 0.52 ಆದರೆ ಹೆದರಬೇಕಾ?

ಪ್ರಶ್ನೆ: ನಮ್ಮದು ವಿರಾಜಪೇಟೆ ಕಡೆಯ ತೋಟದ ಮನೆ. ಅವ್ವನಿಗೆ 66 ವರ್ಷ. ಕಳೆದ ಜುಲೈ ಮಳೆಯಲ್ಲಿ ಅಂಗಳದ ಪಾಚಿ ಮೇಲೆ ಕಾಲು ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿಯಿತು. ಮೈಸೂರಿನಲ್ಲಿ ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್ ಮಾಡಿಸಿದಾಗ ಬೆನ್ನುಮೂಳೆಯ ಟಿ-ಸ್ಕೋರ್ (ಹರೆಯದವರ ಮೂಳೆಗೆ ಹೋಲಿಸಿದ ಅಂಕ) ಮೈನಸ್ 2.8 ಬಂತು. ಆಗಸ್ಟ್ ಕೊನೆಯಲ್ಲಿ ಸಿಟಿಎಕ್ಸ್ ಎಂಬ ರಕ್ತಪರೀಕ್ಷೆ ಮಾಡಿಸಿದರು, 480 ಬಂತು. ವಾರಕ್ಕೊಂದರಂತೆ ಅಲೆಂಡ್ರೊನೇಟ್ ಮಾತ್ರೆ ಶುರುವಾಯಿತು. ಜನವರಿಯಲ್ಲಿ ಬೇರೆ ಲ್ಯಾಬ್‌ನಲ್ಲಿ ಮತ್ತೆ ಮಾಡಿಸಿದೆವು. ಈಗ 0.52 ಅಂತ ಇದೆ. ಸಂಬಂಧಿಕರೊಬ್ಬರು 'ಸೊನ್ನೆ ಹತ್ತಿರ ಬಂದಿದೆ, ಮೂಳೆ ಸತ್ತ ಹಾಗೆ, ಮಾತ್ರೆ ನಿಲ್ಲಿಸಿ' ಅಂದರು. ಡಾಕ್ಟರು 'ಮಾತ್ರೆ ಕೆಲಸ ಮಾಡಿಲ್ಲ, ಇಂಜೆಕ್ಷನ್‌ಗೆ ಹೋಗೋಣ' ಅನ್ನುತ್ತಾರೆ. ಯಾರ ಮಾತು ಕೇಳಬೇಕು? ಅವ್ವ ಒಂದು ಮಾತ್ರೆಯನ್ನೂ ತಪ್ಪಿಸಿಲ್ಲ. ಪ್ರತಿ ಭಾನುವಾರ ಎದ್ದ ತಕ್ಷಣ ಬೆಲ್ಲದ ಕಾಫಿ ಜೊತೆ ನುಂಗುತ್ತಾರೆ. ಆಮೇಲೆ ತಿಂಡಿ, ಕ್ಯಾಲ್ಸಿಯಂ ಮಾತ್ರೆ. ಎರಡೂ ರಿಪೋರ್ಟಿನ ಫೋಟೊ ಕಳಿಸಿದ್ದೇನೆ.

ಉತ್ತರ: ಮೊದಲು ಭಯ ಕಳೆಯೋಣ. ನಿಮ್ಮ ಅವ್ವನ ಸಿಟಿಎಕ್ಸ್ ಸೊನ್ನೆಗೆ ಇಳಿದಿಲ್ಲ.

ಮೊದಲ ರಿಪೋರ್ಟಿನಲ್ಲಿ 480ರ ಪಕ್ಕ ಸಣ್ಣ ಅಕ್ಷರದಲ್ಲಿ 'ಪಿಕೊಗ್ರಾಂ ಪ್ರತಿ ಮಿಲಿಲೀಟರ್' ಅಂತಿದೆ. ಎರಡನೆಯದರಲ್ಲಿ 0.52ರ ಪಕ್ಕ 'ನ್ಯಾನೊಗ್ರಾಂ ಪ್ರತಿ ಮಿಲಿಲೀಟರ್' ಅಂತಿದೆ. ಒಂದು ನ್ಯಾನೊಗ್ರಾಂ ಅಂದರೆ ಸಾವಿರ ಪಿಕೊಗ್ರಾಂ. ಅಂದರೆ 0.52 ಎಂದರೆ 520. ಒಂದು ಲ್ಯಾಬ್ ಕಾಫಿಯನ್ನು ಕೆಜಿಯಲ್ಲಿ ತೂಗಿದೆ, ಇನ್ನೊಂದು ಟನ್ನಿನಲ್ಲಿ ಬರೆದಿದೆ, ಅಷ್ಟೇ. ಮಾತ್ರೆ ನಿಲ್ಲಿಸಿ ಅಂದ ಸಂಬಂಧಿಕರಿಗೆ ಇದನ್ನು ಸಮಾಧಾನವಾಗಿ ತಿಳಿಸಿ. ಅವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದಾರೆ.

ಹಾಗಾದರೆ ಡಾಕ್ಟರ ಮಾತು ಸರಿಯಾ? 480 ಇದ್ದದ್ದು 520 ಆಗಿದೆ, ಮಾತ್ರೆ ಕೆಲಸ ಮಾಡಿಲ್ಲ ಅಂತ ಅವರಿಗೆ ಅನ್ನಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಆದರೆ ನಿಮ್ಮ ಪತ್ರದ ಕೊನೆಯಲ್ಲಿ, ನೀವು ಸುಮ್ನೆ ಬರೆದ ಒಂದು ಸಾಲಿದೆಯಲ್ಲ, ಬೆಲ್ಲದ ಕಾಫಿಯದು? ನನ್ನ ಕಣ್ಣು ನಿಂತದ್ದು ಅಲ್ಲಿ. ಅದಕ್ಕೆ ಆಮೇಲೆ ಬರುತ್ತೇನೆ. ಈ ಪರೀಕ್ಷೆ ಅಳೆಯುವುದೇನು ಅಂತ ಗೊತ್ತಾದರೆ ಉಳಿದದ್ದು ತಾನಾಗಿ ಅರ್ಥವಾಗುತ್ತದೆ.

ನಿಮ್ಮದು ಹಳೆಯ ಹಂಚಿನ ಮನೆಯೇ ಇರಬೇಕು ಅಂದುಕೊಳ್ಳುತ್ತೇನೆ. ಮಳೆಗಾಲಕ್ಕೆ ಮುಂಚೆ ಕೆಲಸದವರು ಮಾಡು ಹತ್ತಿ ಒಡೆದ ಹಂಚು ತೆಗೆಯುತ್ತಾರೆ, ಗೆದ್ದಲು ಹಿಡಿದ ರೀಪರ್ ಕೀಳುತ್ತಾರೆ, ಹೊಸದು ಹಾಕುತ್ತಾರೆ. ಮೂಳೆಯಲ್ಲೂ ಈ ರಿಪೇರಿ ವರ್ಷವಿಡೀ ನಡೆಯುತ್ತಲೇ ಇರುತ್ತದೆ. ದೊಡ್ಡವರ ಮೈಯಲ್ಲಿ ವರ್ಷಕ್ಕೆ ಸುಮಾರು ನೂರರಲ್ಲಿ ಹತ್ತು ಭಾಗ ಮೂಳೆ ಹೊಸದಾಗುತ್ತದೆ. ಕೀಳುವ ಕೋಶಗಳ ಹೆಸರು ಆಸ್ಟಿಯೊಕ್ಲಾಸ್ಟ್, ಕಟ್ಟುವವು ಆಸ್ಟಿಯೊಬ್ಲಾಸ್ಟ್. ಒಂದು ಜಾಗದಲ್ಲಿ ಕೀಳುವುದು ಕೆಲವೇ ವಾರಗಳಲ್ಲಿ ಮುಗಿಯುತ್ತದೆ. ಅದೇ ಜಾಗ ತುಂಬಲು ಮೂರು ನಾಲ್ಕು ತಿಂಗಳು ಬೇಕು. ಕೆಡವುವುದು ಬೇಗ, ಕಟ್ಟುವುದು ನಿಧಾನ. ಮನೆ ಕಟ್ಟಿಸಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹೆಂಗಸರಲ್ಲಿ ಮುಟ್ಟು ನಿಂತ ಮೇಲೆ ಈಸ್ಟ್ರೊಜನ್ ಎಂಬ ಹಾರ್ಮೋನ್ ಕಡಿಮೆಯಾಗುತ್ತದೆ. ಆಗ ಕೀಳುವವರ ಗುಂಪಿಗೆ ಮೇಸ್ತ್ರಿಯೇ ಇಲ್ಲದ ಹಾಗೆ. ಮಾಡಿನ ಹತ್ತು ಕಡೆ ಒಟ್ಟಿಗೆ ಕೀಳಲು ಶುರು ಮಾಡುತ್ತಾರೆ. ಕಟ್ಟುವವರೂ ಹಿಂದೆ ಓಡುತ್ತಾರೆ, ಆದರೆ ತಲುಪುವುದಿಲ್ಲ. ಪ್ರತಿ ಸಲವೂ ಸ್ವಲ್ಪ ಬಾಕಿ ಉಳಿಯುತ್ತದೆ. ಹೀಗೆ ವರ್ಷಗಟ್ಟಲೆ ಬಾಕಿ ಸೇರಿ ಮೂಳೆ ಟೊಳ್ಳಾಗುತ್ತದೆ. ಇದೇ ಆಸ್ಟಿಯೊಪೊರೊಸಿಸ್.

ಈಗ ಅಂಗಳಕ್ಕೆ ಬನ್ನಿ. ಮಾಡಿನ ಕೆಲಸ ನಡೆಯುವಾಗ ಕೆಳಗೆ ಎರಡು ಥರದ ಚೂರು ಬೀಳುತ್ತದೆ. ಒಂದು, ಕಿತ್ತ ಹಳೆಯ ಹಂಚಿನ ಒಡಕು. ಇನ್ನೊಂದು, ಹೊಸ ರೀಪರನ್ನು ಅಳತೆಗೆ ಕೊಯ್ದಾಗ ಬೀಳುವ ತುದಿ. ಸಿಟಿಎಕ್ಸ್ ಎಂದರೆ ಮೊದಲನೆಯದು. ಮೂಳೆಯ ಜೀವಾಳದಂತಿರುವ ಕೊಲಾಜೆನ್ ಎಂಬ ನಾರು ಮುರಿದಾಗ ಅದರ ತುದಿಯ ಚೂರು ರಕ್ತಕ್ಕೆ ಬೀಳುತ್ತದೆ, ಅದನ್ನು ಅಳೆಯುತ್ತಾರೆ. ಎರಡನೆಯದರ ಹೆಸರು ಪಿ1ಎನ್‌ಪಿ. ಹೊಸ ಕೊಲಾಜೆನ್ ನೇಯುವಾಗ ಅದರ ತುದಿಯನ್ನು ದೇಹ ಕತ್ತರಿಸಿ ಎಸೆಯುತ್ತದೆ. ಆ ತುದಿ ರಕ್ತದಲ್ಲಿ ಎಷ್ಟಿದೆ ಅಂತ ನೋಡಿದರೆ ಕಟ್ಟುವ ಕೆಲಸದ ಅಂದಾಜು ಸಿಗುತ್ತದೆ. ಇನ್ನೂ ಹತ್ತು ಹೆಸರು ನಿಮಗೆ ಕಾಣಬಹುದು: ಆಸ್ಟಿಯೊಕ್ಯಾಲ್ಸಿನ್, ಎನ್‌ಟಿಎಕ್ಸ್, ಮೂಳೆಯ ಅಲ್ಕಲೈನ್ ಫಾಸ್ಫಟೇಸ್. ಎಲ್ಲರೂ ಒಂದೊಂದು ಅಳೆದರೆ ಹೋಲಿಸುವುದು ಹೇಗೆ? ಅದಕ್ಕೇ 2011ರಲ್ಲಿ ಆಸ್ಟಿಯೊಪೊರೊಸಿಸ್ ಮತ್ತು ಲ್ಯಾಬ್ ತಜ್ಞರ ಅಂತರರಾಷ್ಟ್ರೀಯ ಸಂಸ್ಥೆಗಳು ಸೇರಿ, ಕೀಳುವ ಕಡೆಗೆ ಸಿಟಿಎಕ್ಸ್, ಕಟ್ಟುವ ಕಡೆಗೆ ಪಿ1ಎನ್‌ಪಿ, ಇವೆರಡನ್ನೇ ಮಾನದಂಡವಾಗಿ ಇಟ್ಟುಕೊಳ್ಳೋಣ ಅಂತ ಸಲಹೆ ಕೊಟ್ಟವು.

ಇಲ್ಲೊಂದು ಹಳೇ ಕಥೆ ನೆನಪಾಗುತ್ತದೆ. ಇವೆಲ್ಲ ಬರುವ ಮೊದಲು ಮೂತ್ರದಲ್ಲಿ ಹೈಡ್ರಾಕ್ಸಿಪ್ರೋಲಿನ್ ಅಂತ ಒಂದನ್ನು ಅಳೆಯುತ್ತಿದ್ದರು. ಅದೂ ಕೊಲಾಜೆನ್ನಿನ ಚೂರೇ. ತೊಂದರೆ ಏನೆಂದರೆ, ಚರ್ಮ, ಮೆದು ಎಲುಬು ಇರುವ ಮಾಂಸ ತಿಂದರೂ ಅದು ಏರುತ್ತಿತ್ತು. ಹಿಂದಿನ ದಿನ ಹಬ್ಬದ ಊಟದಲ್ಲಿ ಪಂದಿಕರಿ ಹೊಡೆದು ಬಂದವರ ರಿಪೋರ್ಟನ್ನು ನಂಬುವ ಹಾಗೇ ಇರಲಿಲ್ಲ! ಸಿಟಿಎಕ್ಸ್‌ಗೆ ಆ ಕಾಟವಿಲ್ಲ. ಅದರ ಕಾಟ ಬೇರೆ.

ಅಂಗಳದ ಚೂರು ನೋಡಿ ಮಾಡಿನ ಮೇಲೆ ಎಷ್ಟು ಹಂಚು ಉಳಿದಿದೆ ಅಂತ ಹೇಳಲು ಆಗುತ್ತದಾ? ಆಗುವುದಿಲ್ಲ. ಹಾಗೆಯೇ ಸಿಟಿಎಕ್ಸ್ ನೋಡಿ ಆಸ್ಟಿಯೊಪೊರೊಸಿಸ್ ಇದೆ, ಇಲ್ಲ ಅಂತ ಹೇಳಲು ಬರುವುದಿಲ್ಲ. ಅದಕ್ಕೆ ಡೆಕ್ಸಾ ಸ್ಕ್ಯಾನೇ ಬೇಕು. ವಿಶ್ವ ಆರೋಗ್ಯ ಸಂಸ್ಥೆ 1994ರಲ್ಲಿ ಹಾಕಿದ ಗೆರೆ ಇವತ್ತಿಗೂ ಅದೇ: ಟಿ-ಸ್ಕೋರ್ ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಆಸ್ಟಿಯೊಪೊರೊಸಿಸ್. ನಿಮ್ಮ ಅವ್ವನದು ಮೈನಸ್ 2.8, ಜೊತೆಗೆ ನಿಂತಲ್ಲಿಂದ ಬಿದ್ದು ಮಣಿಕಟ್ಟು ಮುರಿದಿದೆ. ಅವರಿಗೆ ಕಾಯಿಲೆ ಇದೆ, ಔಷಧ ಬೇಕು. ಇದರಲ್ಲಿ ಎರಡು ಮಾತಿಲ್ಲ.

ನಮ್ಮ ಭಾಷೆಯದೂ ಒಂದು ತೊಡಕಿದೆ. 'ಮೂಳೆ ಸವೆತ' ಅಂತ ನಾವು ಎರಡು ಕಾಯಿಲೆಗೆ ಒಂದೇ ಹೆಸರು ಇಟ್ಟುಬಿಟ್ಟಿದ್ದೇವೆ. ಮಂಡಿ ನೋವಿನ ಸವೆತ ಅಂದರೆ ಕೀಲಿನ ಮೆತ್ತೆ ತೇಯುವುದು. ಇದು ಮೂಳೆ ಒಳಗಿನಿಂದ ಟೊಳ್ಳಾಗುವುದು. ಮೊದಲನೆಯದು ದಿನಾ ನೋಯುತ್ತದೆ. ಎರಡನೆಯದು ಮುರಿಯುವವರೆಗೆ ಮಾತೇ ಆಡುವುದಿಲ್ಲ. ಮಂಡಿ ನೋವಿಗೆ ಸಿಟಿಎಕ್ಸ್ ಮಾಡಿಸಿಕೊಂಡು ಬಂದವರನ್ನು ನಾನು ನೋಡಿದ್ದೇನೆ. ದುಡ್ಡು ದಂಡ.

ಸಿಟಿಎಕ್ಸ್ ನಿಜವಾಗಿ ಉಪಯೋಗಕ್ಕೆ ಬರುವುದು ಔಷಧ ಶುರುವಾದ ಮೇಲೆ. ಡೆಕ್ಸಾದಲ್ಲಿ ವ್ಯತ್ಯಾಸ ಕಾಣಲು ಒಂದೆರಡು ವರ್ಷ ಬೇಕು. ಸಿಟಿಎಕ್ಸ್‌ನಲ್ಲಿ ಮೂರು ತಿಂಗಳು ಸಾಕು. ಅಲೆಂಡ್ರೊನೇಟ್ ಕೀಳುವವರ ಕೈ ಕಟ್ಟುತ್ತದೆ, ಅಂಗಳಕ್ಕೆ ಬೀಳುವ ಚೂರು ಕಡಿಮೆಯಾಗುತ್ತದೆ. ಸರಿಯಾಗಿ ತಿಂದವರಲ್ಲಿ ಸಾಮಾನ್ಯವಾಗಿ ಅರ್ಧಕ್ಕಿಂತ ಜಾಸ್ತಿ ಇಳಿಯುತ್ತದೆ. 280 ಪಿಕೊಗ್ರಾಂಗಿಂತ ಕೆಳಗೆ ಬಂದರೆ ನಮಗೆ ನೆಮ್ಮದಿ. ಹಾಗಾಗಿ ನಿಮ್ಮ ಡಾಕ್ಟರು ಮರುಪರೀಕ್ಷೆ ಬರೆದದ್ದು ಸರಿಯಾದ ಕೆಲಸವೇ. ಕೆಟ್ಟದ್ದು ಸ್ಯಾಂಪಲ್ಲಿನ ಹೊತ್ತು.

ರಿಪೋರ್ಟಿನ ಮೇಲ್ಭಾಗ ನೋಡಿ. ಆಗಸ್ಟ್ ಸ್ಯಾಂಪಲ್ ತೆಗೆದದ್ದು ಮಧ್ಯಾಹ್ನ 12.10ಕ್ಕೆ. ವಿರಾಜಪೇಟೆಯಿಂದ ಮೈಸೂರಿಗೆ ಹೊರಟವರು ಮನೆಯಲ್ಲಿ ಕಾಫಿ ಕುಡಿದು, ದಾರಿಯಲ್ಲೆಲ್ಲೋ ತಿಂಡಿ ತಿಂದು, ಡಾಕ್ಟರನ್ನು ಕಂಡು, ಆಮೇಲೆ ರಕ್ತ ಕೊಟ್ಟಿರುತ್ತೀರಿ. ಎಲ್ಲರೂ ಮಾಡುವುದು ಹಾಗೇ. ಆದರೆ ಸಿಟಿಎಕ್ಸ್ ಗಡಿಯಾರಕ್ಕೂ ಹೊಟ್ಟೆಗೂ ಕಟ್ಟುಬಿದ್ದದ್ದು. ಬೆಳಗಿನ ಜಾವ ಅದು ಅತಿ ಹೆಚ್ಚು, ಮಧ್ಯಾಹ್ನ ದಾಟುವಾಗ ಅತಿ ಕಡಿಮೆ. ಹೊಟ್ಟೆಗೆ ಏನಾದರೂ ಬಿದ್ದರೆ ಇನ್ನೂ ಇಳಿಯುತ್ತದೆ. ಅಂದರೆ ಆ 480 ನಿಜಕ್ಕಿಂತ ಕಡಿಮೆ ತೋರಿಸಿದ ಸಂಖ್ಯೆ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ತೆಗೆದಿದ್ದರೆ ಜಾಸ್ತಿಯೇ ಬರುತ್ತಿತ್ತು.

ಇನ್ನೊಂದು ಗಂಟು. ಆಗ ಕೈ ಮುರಿದು ಐದಾರು ವಾರ ಆಗಿತ್ತು ಅಷ್ಟೇ. ಮುರಿದ ಮೂಳೆ ಕೂಡುವಾಗ ಅಲ್ಲಿ ಕೀಳುವ, ಕಟ್ಟುವ ಕೆಲಸ ಭರದಿಂದ ನಡೆಯುತ್ತದೆ. ಅದರ ಚೂರೂ ಇದೇ ಅಂಗಳಕ್ಕೆ ಬೀಳುತ್ತದೆ. ಆರು ತಿಂಗಳು, ಕೆಲವೊಮ್ಮೆ ಒಂದು ವರ್ಷದವರೆಗೂ ಲೆಕ್ಕ ಹೆಚ್ಚಾಗಿ ಕಾಣಬಹುದು. ಅಂದಮೇಲೆ ಮೊದಲ ಸಂಖ್ಯೆಯನ್ನು ತಿಂಡಿ ಕೆಳಗೆ ಎಳೆಯಿತು, ಮುರಿದ ಕೈ ಮೇಲೆ ಎಳೆಯಿತು. ಯಾವುದು ಎಷ್ಟು ಎಳೆಯಿತು ಅಂತ ಈಗ ಯಾರೂ ಬಿಡಿಸಲಾರರು. ಜನವರಿಯದು ಬೆಳಿಗ್ಗೆ 8.05ಕ್ಕೆ, ಖಾಲಿ ಹೊಟ್ಟೆಯಲ್ಲಿ ಅಂತ ರಿಪೋರ್ಟೇ ಹೇಳುತ್ತದೆ. ಅದು ಬಹುಮಟ್ಟಿಗೆ ನಂಬಬಹುದಾದ ಸಂಖ್ಯೆ. ಆದರೆ 480ನ್ನೂ 520ನ್ನೂ ಪಕ್ಕಪಕ್ಕ ಇಟ್ಟು ಏರಿತು, ಇಳಿಯಿತು ಅನ್ನುವುದು ಸರಿಯಲ್ಲ. ಲ್ಯಾಬ್ ಬೇರೆ, ಹೊತ್ತು ಬೇರೆ, ಹೊಟ್ಟೆ ಬೇರೆ.

ಹಾಗಂತ ಡಾಕ್ಟರ ಅನುಮಾನ ಪೂರ್ತಿ ತಪ್ಪೂ ಅಲ್ಲ. ನಾಲ್ಕು ತಿಂಗಳು ಅಲೆಂಡ್ರೊನೇಟ್ ಒಳಗೆ ಹೋಗಿದ್ದರೆ ಬೆಳಗಿನ ಸಿಟಿಎಕ್ಸ್ 520 ಇರಬಾರದಿತ್ತು. ಮಾತ್ರೆ ಕೆಲಸ ಮಾಡಿಲ್ಲ ಅನ್ನುವುದು ನಿಜ ಇರಬಹುದು. ಯಾಕೆ ಮಾಡಿಲ್ಲ? ಈಗ ಕಾಫಿಗೆ ಬರೋಣ.

ಅಲೆಂಡ್ರೊನೇಟ್ ಒಂಥರಾ ಮೊಂಡು ಔಷಧ. ಖಾಲಿ ಹೊಟ್ಟೆಯಲ್ಲಿ ಬರೀ ನೀರಿನ ಜೊತೆ ನುಂಗಿದರೂ ರಕ್ತಕ್ಕೆ ಸೇರುವುದು ನೂರರಲ್ಲಿ ಒಂದು ಭಾಗಕ್ಕಿಂತ ಕಡಿಮೆ. ಅಷ್ಟರಲ್ಲೇ ಅದು ಕೆಲಸ ಮಾಡುವಂತೆ 70 ಮಿಲಿಗ್ರಾಂ ಲೆಕ್ಕ ಹಾಕಿರುತ್ತಾರೆ. ಕಾಫಿ ಜೊತೆ ನುಂಗಿದರೆ ಆ ಚೂರಿನಲ್ಲೂ ಸುಮಾರು ನೂರಕ್ಕೆ ಅರವತ್ತು ಭಾಗ ಖೋತಾ. ಇದು ಬರೀ ಕಪ್ಪು ಕಾಫಿಯ ಲೆಕ್ಕ, ಹಾಲು ಬೇಕಿಲ್ಲ. ಬೆಲ್ಲ ಹಾಕಿದ ಮಾತ್ರಕ್ಕೆ ಬಚಾವಾಗುವುದಿಲ್ಲ. ಅದರ ಹಿಂದೆಯೇ ಅಕ್ಕಿ ರೊಟ್ಟಿ, ಕ್ಯಾಲ್ಸಿಯಂ ಮಾತ್ರೆ ಹೋದರೆ ಉಳಿದದ್ದೂ ಕ್ಯಾಲ್ಸಿಯಂಗೆ ಅಂಟಿಕೊಂಡು ಹೊರಗೆ ಹೋಗುತ್ತದೆ. ಅವ್ವ ಒಂದು ಭಾನುವಾರವೂ ತಪ್ಪಿಸದೆ ಮಾತ್ರೆ ತಿಂದಿದ್ದಾರೆ. ಆದರೆ ಅವರ ಮೂಳೆಗೆ ಆ ಮಾತ್ರೆ ಬಂದ ಸುದ್ದಿಯೇ ಮುಟ್ಟಿಲ್ಲ!

ತಪ್ಪು ಅವ್ವನದಲ್ಲ. ಎದ್ದ ತಕ್ಷಣ ಕಾಫಿ ಬೇಡ ಅಂತ ಕೊಡಗಿನ ಮನೆಯಲ್ಲಿ ಯಾರಾದರೂ ಬಾಯಿಬಿಟ್ಟು ಹೇಳಬೇಕಲ್ಲ! 'ಖಾಲಿ ಹೊಟ್ಟೆ' ಅಂದರೆ ನಮ್ಮವರಿಗೆ ತಿಂಡಿ ತಿನ್ನದ ಹೊಟ್ಟೆ. ಕಾಫಿಯನ್ನು ಯಾರೂ ಆ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಚೀಟಿ ಬರೆಯುವ ನಾವು ಕಾಫಿಯ ಹೆಸರು ಹಿಡಿದೇ ಹೇಳಬೇಕು. ನಾನೂ ಇದನ್ನು ಕಲಿತದ್ದು ತಡವಾಗಿ. ಒಬ್ಬ ಹಿರಿಯರು ಎಂಟು ತಿಂಗಳು ಮಾತ್ರೆ ತಿಂದ ಮೇಲೆ 'ಖಾಲಿ ಹೊಟ್ಟೆಯಲ್ಲೇ ಡಾಕ್ಟ್ರೇ, ಬರೀ ಕಾಫಿ ಜೊತೆ' ಅಂದಾಗ ನಾನು ಪೆನ್ನು ಕೆಳಗಿಟ್ಟೆ.

ಹೀಗೆ ಮಾಡಿ. ಭಾನುವಾರ ಎದ್ದು ಮುಖ ತೊಳೆದ ಮೇಲೆ ಒಂದು ದೊಡ್ಡ ಲೋಟ ಬರೀ ನೀರಿನ ಜೊತೆ ಮಾತ್ರೆ ನುಂಗಬೇಕು. ಜಗಿಯಬಾರದು, ಚೀಪಬಾರದು. ಆಮೇಲೆ ಕಡೇ ಪಕ್ಷ ಅರ್ಧ ಗಂಟೆ ಕೂತಿರಬೇಕು ಇಲ್ಲ ನಿಂತಿರಬೇಕು, ಮಲಗುವಂತಿಲ್ಲ. ಮಲಗಿದರೆ ಮಾತ್ರೆ ಅನ್ನನಾಳದಲ್ಲಿ ಕೂತು ಹುಣ್ಣು ಮಾಡುತ್ತದೆ. ಆ ಅರ್ಧ ಗಂಟೆ ಕಾಫಿ ಇಲ್ಲ, ಬೇರೆ ಮಾತ್ರೆ ಇಲ್ಲ. ಕ್ಯಾಲ್ಸಿಯಂ ಮಾತ್ರೆಯನ್ನು ಆ ದಿನ ಮಧ್ಯಾಹ್ನ ಊಟಕ್ಕೆ ತಳ್ಳಿಬಿಡಿ. ನುಂಗಲು ಕಷ್ಟ, ಎದೆ ಉರಿ ಇದ್ದರೆ ಈ ಮಾತ್ರೆ ಅವರಿಗೆ ಆಗದು, ಅದನ್ನು ಡಾಕ್ಟರಿಗೆ ಹೇಳಿ.

ಮೂರು ತಿಂಗಳು ಹೀಗೆ ನಡೆದ ಮೇಲೆ ಮತ್ತೆ ಸಿಟಿಎಕ್ಸ್. ಜನವರಿಯಲ್ಲಿ ಕೊಟ್ಟ ಲ್ಯಾಬ್‌ಗೇ ಕೊಡಿ. ಬೆಳಿಗ್ಗೆ ಎಂಟರ ಆಸುಪಾಸು, ರಾತ್ರಿ ಊಟದ ನಂತರ ನೀರು ಬಿಟ್ಟು ಏನೂ ಇಲ್ಲದೆ. ಅದಕ್ಕಾಗಿ ಮೈಸೂರಿಗೆ ಓಡಬೇಡಿ. ಊರಿನ ಹತ್ತಿರವೇ ರಕ್ತ ತೆಗೆದು ದೊಡ್ಡ ಲ್ಯಾಬ್‌ಗೆ ಕಳಿಸುವ ವ್ಯವಸ್ಥೆ ಇದ್ದರೆ ಅದೇ ಒಳ್ಳೆಯದು. ಆದರೆ ಇಡಿಟಿಎ ಟ್ಯೂಬಿನಲ್ಲಿ ತೆಗೆಯುತ್ತಾರಾ ಅಂತ ಕೇಳಿ, ಅದರಲ್ಲಿ ಸಿಟಿಎಕ್ಸ್ ಕೆಡದೆ ಹೆಚ್ಚು ಹೊತ್ತು ಉಳಿಯುತ್ತದೆ. ಬಂದ ಸಂಖ್ಯೆಯನ್ನು 520ರ ಜೊತೆ ಹೋಲಿಸಿ, 480ನ್ನು ಮರೆತುಬಿಡಿ. 520 ಇದ್ದದ್ದು 450 ಆದರೆ ಅದನ್ನು ಇಳಿಕೆ ಅನ್ನಬೇಡಿ. ನೂರಕ್ಕೆ ಇಪ್ಪತ್ತೈದು ಮೂವತ್ತರಷ್ಟು ಹೆಚ್ಚು ಕಡಿಮೆ ಆಗುವುದು ಈ ಪರೀಕ್ಷೆಯ ಸ್ವಭಾವ. 250ಕ್ಕೆ ಬಂದರೆ ಮಾತ್ರೆ ಹಿಡಿದಿದೆ ಅಂತ ಅರ್ಥ, ಇಂಜೆಕ್ಷನ್ ಬೇಕಿಲ್ಲ.

ಅವ್ವ ಕೂದಲು ಉದುರುತ್ತದೆ ಅಂತ ಏನಾದರೂ ಮಾತ್ರೆ ತಿನ್ನುತ್ತಾರಾ? ನಗಬೇಡಿ, ಇದು ಮುಖ್ಯ. ಆ ಮಾತ್ರೆಗಳಲ್ಲಿ ಬಯೋಟಿನ್ ಎಂಬ ವಿಟಮಿನ್ ದೊಡ್ಡ ಪ್ರಮಾಣದಲ್ಲಿರುತ್ತದೆ. ಕೆಲವು ಲ್ಯಾಬ್ ಯಂತ್ರಗಳು ಬಯೋಟಿನ್ ಬಳಸಿಯೇ ಅಳೆಯುತ್ತವೆ, ಹಾಗಾಗಿ ರಕ್ತದಲ್ಲಿ ಅದು ತುಂಬಿದ್ದರೆ ಯಂತ್ರ ಮೋಸ ಹೋಗಿ ಸಿಟಿಎಕ್ಸ್ ಕಡಿಮೆ ಅಂತ ಬರೆಯುತ್ತದೆ. ರಕ್ತ ಕೊಡುವ ಎರಡು ಮೂರು ದಿನ ಮುಂಚೆ ನಿಲ್ಲಿಸಿದರೆ ಸಾಕು.

ಸರಿಯಾಗಿ ತಿಂದ ಮೇಲೂ ಇಳಿಯದಿದ್ದರೆ? ಆಗ ಔಷಧ ಬದಲಿಸುವ ಮೊದಲು ಬೇರೆ ಕಾರಣ ಹುಡುಕಬೇಕು. ಕಿಡ್ನಿ ಸೋತಿದ್ದರೆ ಸಿಟಿಎಕ್ಸ್ ಹೊರಹೋಗದೆ ರಕ್ತದಲ್ಲಿ ಉಳಿಯುತ್ತದೆ, ಆದ್ದರಿಂದ ಕ್ರಿಯಾಟಿನಿನ್ ನೋಡಿಸಿ. ಅಲೆಂಡ್ರೊನೇಟ್ ಕೊಡಬಹುದಾ ಅನ್ನುವುದೂ ಅದರ ಮೇಲೇ ನಿಂತಿದೆ. ಥೈರಾಯ್ಡ್ ಮಾತ್ರೆಯ ಡೋಸ್ ಜಾಸ್ತಿಯಾಗಿದ್ದರೆ, ಪ್ಯಾರಾಥೈರಾಯ್ಡ್ ಗ್ರಂಥಿ ಕೆಟ್ಟಿದ್ದರೆ ಮೂಳೆ ಬೇಗ ಕರಗುತ್ತದೆ. ಮಳೆಗಾಲದ ದಮ್ಮಿಗೆ ಆಗಾಗ ಸ್ಟೀರಾಯ್ಡ್ ಮಾತ್ರೆ ತಿನ್ನುವವರು ನಮ್ಮಲ್ಲಿ ಬಹಳ. ಅದು ಕಟ್ಟುವವರ ಕೈಯನ್ನೇ ಕಟ್ಟಿಹಾಕುತ್ತದೆ, ಅಂಥವರಲ್ಲಿ ಪಿ1ಎನ್‌ಪಿ ಇಳಿದಿರುತ್ತದೆ.

ಕೊಡಗಿನವರಿಗೆ ನಾನು ತಪ್ಪದೆ ಕೇಳುವ ಇನ್ನೊಂದು ಪರೀಕ್ಷೆ ವಿಟಮಿನ್ ಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಸಿಲಿನ ಮುಖ ಕಂಡರೆ ಪುಣ್ಯ. ಬಿಸಿಲು ಬಂದ ಮೇಲೂ ವಯಸ್ಸಾದವರು ತಲೆಗೆ ವಸ್ತ್ರ, ತುಂಬು ತೋಳಿನ ರವಿಕೆ, ಸ್ವೆಟರ್ ಅಂತ ಇರುತ್ತಾರೆ. ವಿಟಮಿನ್ ಡಿ ತೀರಾ ಕಡಿಮೆಯಾದರೆ ಮೂಳೆ ಟೊಳ್ಳಾಗುವುದಲ್ಲ, ಮೆತ್ತಗಾಗುತ್ತದೆ. ಅದರ ಹೆಸರು ಆಸ್ಟಿಯೊಮಲೇಶಿಯಾ, ಅದರ ಚಿಕಿತ್ಸೆಯೇ ಬೇರೆ. ಸುಳಿವು ಕೊಡುವುದು ದುಬಾರಿ ಪರೀಕ್ಷೆಯಲ್ಲ, ಎಲ್ಲ ಲ್ಯಾಬಿನಲ್ಲೂ ಆಗುವ ಅಲ್ಕಲೈನ್ ಫಾಸ್ಫಟೇಸ್. ಬರೀ ಆಸ್ಟಿಯೊಪೊರೊಸಿಸ್ ಇದ್ದರೆ ಅದು ಸಾಮಾನ್ಯವಾಗಿ ಮಿತಿಯೊಳಗೇ ಇರುತ್ತದೆ. ಏರಿದ್ದರೆ ಲಿವರ್ ತೊಂದರೆಯೋ, ಕೂಡುತ್ತಿರುವ ಮುರಿತವೋ, ವಿಟಮಿನ್ ಡಿ ಕೊರತೆಯೋ ಅಂತ ನೋಡಬೇಕು. ನೀವು ಕಳಿಸಿದ ರಿಪೋರ್ಟಿನಲ್ಲಿ ಇದೂ ಇಲ್ಲ, ವಿಟಮಿನ್ ಡಿ ಕೂಡ ಇಲ್ಲ. ಮುಂದಿನ ಸಲ ರಕ್ತ ಕೊಡುವಾಗ ಸೇರಿಸಿಕೊಳ್ಳಿ.

ಕೊನೆಗೆ ಇಂಜೆಕ್ಷನ್ನೇ ಬೇಕಾದರೂ ಹೆದರಬೇಡಿ, ಆದರೆ ಯಾವುದು ಅಂತ ಕೇಳಿಕೊಳ್ಳಿ. ವರ್ಷಕ್ಕೊಮ್ಮೆ ಡ್ರಿಪ್‌ನಲ್ಲಿ ಕೊಡುವುದು ಝೊಲೆಡ್ರೊನಿಕ್ ಆಸಿಡ್. ಆರು ತಿಂಗಳಿಗೊಮ್ಮೆ ಚರ್ಮದಡಿ ಕೊಡುವುದು ಡೆನೊಸುಮ್ಯಾಬ್. ಎರಡಕ್ಕೂ ಮುಂಚೆ ವಿಟಮಿನ್ ಡಿ, ಕ್ಯಾಲ್ಸಿಯಂ ಸರಿ ಇರಬೇಕು, ಹಲ್ಲು ಕೀಳಿಸುವುದು ಇದ್ದರೆ ಮೊದಲೇ ಮುಗಿಸಿಕೊಳ್ಳಬೇಕು. ಡೆನೊಸುಮ್ಯಾಬ್ ಸಿಟಿಎಕ್ಸ್ ಅನ್ನು ಕೆಲವೇ ದಿನಗಳಲ್ಲಿ ಪಾತಾಳಕ್ಕೆ ಇಳಿಸುತ್ತದೆ. ಆದರೆ ಮುಂದಿನ ಡೋಸ್ ತಪ್ಪಿದರೆ ಅದು ಮೊದಲಿಗಿಂತಲೂ ಮೇಲೆ ಚಿಮ್ಮುತ್ತದೆ, ಬೆನ್ನುಮೂಳೆಗಳು ಒಂದರ ಹಿಂದೊಂದು ಕುಸಿದದ್ದೂ ಇದೆ. ಹೀಗಾಗಿ ನಾನು ಕೊಡಗಿನ ರೋಗಿಗಳಿಗೆ ಜನವರಿಯಲ್ಲಿ ಡೆನೊಸುಮ್ಯಾಬ್ ಶುರು ಮಾಡಲು ಹಿಂಜರಿಯುತ್ತೇನೆ. ಮುಂದಿನದು ಜುಲೈಗೆ ಬೀಳುತ್ತದೆ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ರಸ್ತೆ ಮುಚ್ಚಿದ್ದು ಯಾರಿಗೆ ಮರೆತಿದೆ? ಏಪ್ರಿಲ್, ಅಕ್ಟೋಬರ್ ಅಂತ ಇಟ್ಟುಕೊಂಡರೆ ಮಳೆಯ ಕಾಟ ಕಡಿಮೆ.

ಊಟದ ಬಗ್ಗೆ ನೀವು ಕೇಳಿಲ್ಲ, ಆದರೂ ಒಂದೆರಡು ಮಾತು. ಅಕ್ಕಿ ರೊಟ್ಟಿ, ಕಡಂಬುಟ್ಟು, ನೂಲ್‌ಪುಟ್ಟು, ಎಲ್ಲ ಅಕ್ಕಿಯೇ. ಅಕ್ಕಿಯಲ್ಲಿ ಕ್ಯಾಲ್ಸಿಯಂ ಬಹಳ ಕಡಿಮೆ. ರಾಗಿಯಲ್ಲಿ ನೂರು ಗ್ರಾಂಗೆ ಸುಮಾರು 350 ಮಿಲಿಗ್ರಾಂ ಇದೆ. ವಾರದಲ್ಲಿ ಮೂರು ದಿನ ರೊಟ್ಟಿ ಹಿಟ್ಟಿಗೆ ರಾಗಿ ಬೆರೆಸಿ. ಮುಳ್ಳು ಸಮೇತ ಜಗಿಯುವ ಸಣ್ಣ ಒಣಮೀನು ಇನ್ನೂ ಒಳ್ಳೆಯದು, ಉಪ್ಪು ತೊಳೆದು ಮಾಡಿ, ಬಿಪಿ ಇದ್ದರೆ ಬೇಡ. ಹಾಲು, ಮಜ್ಜಿಗೆ ಒಗ್ಗಿದರೆ ಅದಕ್ಕಿಂತ ಸುಲಭ ದಾರಿಯಿಲ್ಲ.

ಅವ್ವನನ್ನು ಒಮ್ಮೆ ಬಾಗಿಲ ಚೌಕಟ್ಟಿಗೆ ಒರಗಿಸಿ ನಿಲ್ಲಿಸಿ, ತಲೆಯ ಮೇಲೆ ಸ್ಕೇಲಿಟ್ಟು ಪೆನ್ಸಿಲಿನಲ್ಲಿ ಗೆರೆ ಎಳೆಯಿರಿ. ಪಕ್ಕದಲ್ಲಿ ತಾರೀಕು ಬರೆಯಿರಿ. ಹರೆಯದ ಎತ್ತರಕ್ಕಿಂತ ನಾಲ್ಕು ಸೆಂಟಿಮೀಟರ್ ಕುಗ್ಗಿದ್ದರೆ ಬೆನ್ನುಮೂಳೆ ಸದ್ದಿಲ್ಲದೆ ಕುಸಿದಿರಬಹುದು, ಎಕ್ಸ್‌ರೇ ತೆಗೆಸಬೇಕು. ಈ ಅಳತೆಗೆ ಲ್ಯಾಬೂ ಬೇಡ, ದುಡ್ಡೂ ಬೇಡ.

ಡಾಕ್ಟರನ್ನು ಮತ್ತೆ ಕಾಣುವಾಗ ಎರಡೂ ರಿಪೋರ್ಟ್ ಒಯ್ಯಿರಿ, ಕಾಫಿ ವಿಷಯ ಮುಚ್ಚಿಡದೆ ಹೇಳಿ. 'ಮೂರು ತಿಂಗಳು ಸರಿಯಾಗಿ ತಿಂದು ನೋಡೋಣವಾ' ಅಂತ ನೀವೇ ಕೇಳಿ. ಬಹಳಷ್ಟು ಡಾಕ್ಟರು ಒಪ್ಪುತ್ತಾರೆ.

ಅರ್ಧ ಗಂಟೆ ಕಾಫಿ ಇಲ್ಲದೆ ಏನು ಮಾಡಲಿ ಅಂತ ಅವ್ವ ಖಂಡಿತ ಗೊಣಗುತ್ತಾರೆ. ಕಾಫಿಯನ್ನು ಫ್ಲಾಸ್ಕಿಗೆ ಹಾಕಿ ಅವರ ಕಣ್ಣೆದುರೇ ಇಡಿ. ಅಷ್ಟರಲ್ಲಿ ಕೋಳಿಗೂಡಿನ ಬಾಗಿಲು ತೆಗೆದು, ಕಾಫಿ ಕಣದಲ್ಲಿ ನಾಲ್ಕು ಸುತ್ತು ಹಾಕಲಿ. ಅಂಗಳದ ಪಾಚಿಯನ್ನು ಮಾತ್ರ ಈ ಬೇಸಿಗೆಯಲ್ಲೇ ಉಜ್ಜಿಸಿ ತೆಗೆಸಿಬಿಡಿ.